ಹೂಳೆತ್ತುವ ಹಡಗಿನ ಕಿಟ್

ಪ್ರತಿ ವರ್ಷ ಡಿಸೆಂಬರ್ ತಿಂಗಳ ಒಂದು ಭಾನುವಾರ ನಮ್ಮ ಗುಂಪಿನವರು ಬಂದರು ನಗರದ ವೈಟ್ಟಿಲ ಬಡಾವಣೆಯ ಹತ್ತಿರದ ಒಂದು ಫ್ಲ್ಯಾಟಿನಲ್ಲಿ ಸೇರುತ್ತೇವೆ. ಗುಂಪೆಂದರೆ ದೊಡ್ಡದೇನಲ್ಲ, ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸುವ ಹುಚ್ಚು ಹತ್ತಿದ ಕೆಲವರು. ವಿಮಾನವನ್ನೋ ಹಡಗನ್ನೋ ಅಂಗೈಯಗಲಕ್ಕೆ ಇಳಿಸಿ, ಅದರ ಬಿಡಿಭಾಗಗಳನ್ನು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಅಚ್ಚು ಹೊಯ್ದು, ಚಿತ್ರವಿರುವ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ನಾವು ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚುತ್ತೇವೆ. ನಾನು ತಿರುವನಂತಪುರದಿಂದ ಬೆಳಗಿನ ರೈಲಿಗೆ ಹೋಗುತ್ತೇನೆ. ಅಲ್ಲಿನ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ನನ್ನ ನೌಕರಿ. ಊರು ಧಾರವಾಡದ ಕಡೆ.

ಮುಂದಿನ ವರ್ಷ ಯಾವ ಯಾವ ಹೊಸ ಕಿಟ್ ಬರುತ್ತವೆಂದು ಹೊರದೇಶದ ಕಂಪನಿಗಳು ತಿಳಿಸುವುದು ಹೆಚ್ಚಾಗಿ ಆ ಹೊತ್ತಿನಲ್ಲಿ. ಹಾಗಾಗಿ ಆ ದಿನ ನಾವು ನಮ್ಮ ನಮ್ಮ ಆಸೆ ಹೇಳಿಕೊಳ್ಳುತ್ತೇವೆ. ಕಂಪನಿಗಳಿಗೆ ಅದು ಕೇಳಿಸುವುದಿಲ್ಲ. ನಾನು ಪ್ರತಿ ಸಲ ಕೇಳುವುದು ಒಂದೇ: ಚಿಕ್ಕವಳಿದ್ದಾಗ ಬೆಳಗಾವಿಯ ವಿಮಾನ ನಿಲ್ದಾಣದ ಬೇಲಿಯಾಚೆ ನಿಂತು ನೋಡುತ್ತಿದ್ದ, ಎರಡು ಫ್ಯಾನಿನ ಪ್ರಯಾಣಿಕರ ವಿಮಾನ. ನಾವು ಸೇರುವ ಫ್ಲ್ಯಾಟ್ ಹಲ್ಲಿನ ಡಾಕ್ಟರೊಬ್ಬರದು. ಅವರಿಗೆ ಹಳೆಯ ಆಂಬುಲೆನ್ಸ್ ಬೇಕು. ಏಲೂರಿನ ಗೊಬ್ಬರದ ಕಾರ್ಖಾನೆಯ ಎಂಜಿನಿಯರ್ ಒಬ್ಬರಿದ್ದಾರೆ. ಅವರಿಗೆ ನೌಕಾಪಡೆಯ ಒಂದು ಹಳೆಯ ವಿಮಾನ ಬೇಕು, ಅದೂ ರೆಕ್ಕೆ ಮಡಚಿಟ್ಟ ಸ್ಥಿತಿಯಲ್ಲಿ.

"ಸಿಗಂಗಿಲ್ಲ ಅಂತ ಗೊತ್ತಿದ್ದದ್ದನ್ನ ಬೇಡಾಕ ಅಷ್ಟು ದೂರ ಹೋಗ್ತೀಯಲ್ಲ" ಎಂದು ನನ್ನ ಗಂಡ ಪ್ರತಿ ವರ್ಷ ಹೇಳುತ್ತಾರೆ. ಮಗಳಿಗೆ ಆ ಮಾತು ಅರ್ಥವಾಗುತ್ತದೆ, ನಗುತ್ತಾಳೆ, ಅಪ್ಪನ ಪರವಾಗಿ ಮಲಯಾಳದಲ್ಲಿ ಏನಾದರೂ ಸೇರಿಸುತ್ತಾಳೆ.

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಕಾಸರಗೋಡಿನವರು. ಬಂದರಿನಲ್ಲಿ ಹೂಳೆತ್ತುವ ಹಡಗಿನ ಅಡುಗೆಯವರಾಗಿದ್ದು ನಿವೃತ್ತರಾದವರು. ಸೇತುವೆ ದಾಟಿದರೆ ಬಂದರು ಇರುವ ವಿಲ್ಲಿಂಗ್ಡನ್ ಐಲ್ಯಾಂಡ್, ಈಚೆ ತೋಪ್ಪುಂಪಡಿಯಲ್ಲಿ ಅವರ ಮನೆ. ನನ್ನೊಡನೆ ಕನ್ನಡ ಮಾತಾಡಲು ಅಲ್ಲಿ ಇದ್ದದ್ದು ಅವರೊಬ್ಬರೇ. ನಮ್ಮ ಕಡೆಯ ರೂಢಿಯಂತೆ ಮೊದಲ ದಿನವೇ ನಾನು ಅವರನ್ನು ಕಾಕಾ, ಅಂದರೆ ಚಿಕ್ಕಪ್ಪ, ಎಂದು ಕರೆದೆ. ಮಲಯಾಳದಲ್ಲಿ ಕಾಕ ಎಂದರೆ ಕಾಗೆ, ಆದರೂ ಪರವಾಗಿಲ್ಲ, ಕರೆಯಿರಿ ಎಂದರು. ಹಾಗೇ ಉಳಿಯಿತು.

ಅವರಿಗೆ ಬೇಕಾಗಿದ್ದದ್ದು ತಮ್ಮ ಹಡಗಿನ ಕಿಟ್. ಕಡಲ ತಳದ ಕೆಸರನ್ನು ಕೊಳವೆಯಿಂದ ಹೀರಿ ಹೊಟ್ಟೆಯಲ್ಲಿ ತುಂಬಿಕೊಂಡು, ದೂರ ಹೋಗಿ ಆಳದಲ್ಲಿ ಸುರಿದು ಬರುವ ಹಡಗು. ಅವರು ಕೇಳಿದಾಗಲೆಲ್ಲ ಏಲೂರಿನವರು ನಗುತ್ತಿದ್ದರು. ಕೆಸರು ತುಂಬುವ ಹಡಗನ್ನು ಯಾರು ಕೊಳ್ಳುತ್ತಾರೆ, ಅದಕ್ಕೊಂದು ಫಿರಂಗಿಯಾದರೂ ಬೇಡವೇ ಎನ್ನುತ್ತಿದ್ದರು. ಕಾಕಾ ಅದಕ್ಕೆ ಜಗಳ ಮಾಡಿದವರಲ್ಲ. ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಿಂದು, ಚಹಾ ಕುಡಿದು, ಮುಂದಿನ ಡಿಸೆಂಬರಿನಲ್ಲಿ ಮತ್ತೆ ಅದನ್ನೇ ಕೇಳುತ್ತಿದ್ದರು.

ಒಂದು ಮಳೆಗಾಲದಲ್ಲಿ ಅವರು ಮನೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಡಿಸೆಂಬರ್ ಅಲ್ಲದೆ ನಡುನಡುವೆಯೂ ನಾವು ಸೇರುವುದುಂಟು, ಆಗೆಲ್ಲ ಅವರ ಕುರ್ಚಿ ಖಾಲಿ. ನನ್ನನ್ನು ಅಕ್ಕ ಎಂಬರ್ಥದಲ್ಲಿ ಚೇಚಿ ಎನ್ನುವ ಡಾಕ್ಟರು, "ಚೇಚಿ, ಆ ಹಡಗನ್ನು ನಾವೇ ಮಾಡಿಕೊಟ್ಟರೆ ಹೇಗೆ?" ಎಂದು ಕೇಳಿದರು. ಎಲ್ಲರಿಗಿಂತ ಮೊದಲು ಒಪ್ಪಿದವರು ಏಲೂರಿನವರು. ನಗುತ್ತಿದ್ದದ್ದು ಅವರಿಗೇ ಚುಚ್ಚುತ್ತಿತ್ತೇನೋ, ನಾನು ಕೇಳಲಿಲ್ಲ.

ಡಾಕ್ಟರ ಬಳಿ ಮೀನು ಹಿಡಿಯುವ ದೊಡ್ಡ ದೋಣಿಯ ಕಿಟ್ ಇತ್ತು, ಒಡೆಯದೆ ಇಟ್ಟಿದ್ದು. ಕೊಟ್ಟರು. ಅದರ ಒಡಲನ್ನು ನಡುವೆ ಕತ್ತರಿಸಿ, ಪ್ಲಾಸ್ಟಿಕ್ ಹಾಳೆ ಸೇರಿಸಿ ಉದ್ದ ಮಾಡಿದೆ. ರೈಲ್ವೆ ಕ್ರೇನಿನ ಕಿಟ್ ಒಂದು ನನ್ನ ಕಪಾಟಿನಲ್ಲಿತ್ತು, ಅದರ ತೋಳು ಹಡಗಿನ ಕೊಳವೆ ಎತ್ತುವ ತೋಳಾಯಿತು. ಕಷ್ಟವಾದದ್ದು ಹಡಗು ಹೇಗಿತ್ತೆಂದು ತಿಳಿಯುವುದು. ಅದನ್ನು ಎಂದೋ ಒಡೆದು ಗುಜರಿಗೆ ಹಾಕಿದ್ದರು. ಕಾಕಾನ ಹತ್ತಿರ ಇದ್ದದ್ದು ಡೆಕ್ಕಿನ ಮೇಲೆ ಓಣದ ದಿನ ತೆಗೆದ ಒಂದು ಫೋಟೊ, ಅದರ ತುಂಬ ಜನ, ಹಡಗೇ ಕಾಣದು. ಆರೋಗ್ಯ ವಿಚಾರಿಸುವ ನೆಪದಲ್ಲಿ ಫೋನ್ ಮಾಡಿ, ಹೊಗೆಕೊಳವೆ ಎಲ್ಲಿತ್ತು, ಮುಂಭಾಗ ಹೇಗಿತ್ತು ಎಂದು ಮೆಲ್ಲಗೆ ಕೇಳುತ್ತಿದ್ದೆ. ಅವರಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಕೆಲಸ ಮಾಡಿದ್ದರೂ ಅವರು ಕಂಡದ್ದು ಅಡುಗೆಕೋಣೆಯ ಕಿಟಕಿಯಿಂದ ಕಾಣುವಷ್ಟನ್ನು ಮಾತ್ರ. ಒಲೆ ಎಲ್ಲಿ, ಅಕ್ಕಿಯ ಡಬ್ಬ ಎಲ್ಲಿ, ಹಡಗು ವಾಲಿದಾಗ ಸಾಂಬಾರು ಯಾವ ಕಡೆ ಚೆಲ್ಲುತ್ತಿತ್ತು, ಇಷ್ಟನ್ನು ಸಂತೋಷದಿಂದ ಹೇಳಿದರು. ಉಳಿದದ್ದನ್ನು ಏಲೂರಿನವರು ಅದೇ ಬಗೆಯ ಬೇರೆ ಹಡಗುಗಳ ಚಿತ್ರ ನೋಡಿ ಊಹಿಸಿದರು.

ತಿಂಗಳುಗಟ್ಟಲೆ ನನ್ನ ಸಂಜೆಗಳೆಲ್ಲ ಅದಕ್ಕೇ ಹೋದವು. ಊಟದ ಮೇಜಿನ ಅರ್ಧ ಹಡಗುಕಟ್ಟೆಯಾಗಿತ್ತು. ಮುಗಿದ ಮೇಲೆ ಕುಕ್ಕರಿನ ರಟ್ಟಿನ ಡಬ್ಬದಲ್ಲಿ ಹತ್ತಿ ತುಂಬಿ ಇಟ್ಟು ರೈಲಿನಲ್ಲಿ ತೊಡೆಯ ಮೇಲೆ ಹೊತ್ತು ಹೋದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರ ಹುಟ್ಟುಹಬ್ಬ ಎಂದು ಕೇಳಿದರು.

ನಾವು ಮೂವರೂ ತೋಪ್ಪುಂಪಡಿಗೆ ಹೋದೆವು. ಕಾಕಾ ವಾಕರ್ ಹಿಡಿದುಕೊಂಡು ಬಂದು ಕೂತರು. ಡಬ್ಬ ತೆರೆದು ಹಡಗನ್ನು ಟೀಪಾಯಿಯ ಮೇಲಿಟ್ಟೆ. ಅವರು ಕನ್ನಡಕ ಒರೆಸಿಕೊಂಡು ಸುಮಾರು ಹೊತ್ತು ನೋಡಿದರು. ಅಡುಗೆಕೋಣೆಯ ಕಿಟಕಿಯ ಮೇಲೆ ಬೆರಳಿಟ್ಟು ಹೆಂಡತಿಗೆ ತೋರಿಸಿದರು. ಅವರ ಹೆಂಡತಿ, ಇಷ್ಟು ಸಣ್ಣ ಕೋಣೆಯಲ್ಲೇ ಅಷ್ಟು ಜನಕ್ಕೆ ಬೇಯಿಸುತ್ತಿದ್ದದ್ದು ಎಂದರು. ನಮಗೆಲ್ಲ ಅಪ್ಪಂ ದೋಸೆ, ಮೊಟ್ಟೆಯ ಸಾರು ಬಡಿಸಿದರು. ಕಾಕಾ ನಮ್ಮ ಕೆಲಸವನ್ನು ತುಂಬ ಹೊಗಳಿದರು. ಆದರೂ ಏನೋ ಸಪ್ಪಗಿದ್ದರು. ನಾನು ಅದು ನೋವಿನಿಂದ ಎಂದುಕೊಂಡೆ.

ಹೊರಡುವಾಗ ಬಾಗಿಲವರೆಗೂ ಬಂದು, ಉಳಿದಿಬ್ಬರಿಗೆ ತಿಳಿಯದ ಹಾಗೆ ಕನ್ನಡದಲ್ಲಿ ಹೇಳಿದರು.

"ಬೇಜಾರು ಮಾಡಬೇಡಿ ಮಾರಾಯ್ತಿ. ಬಾರೀ ಚಂದ ಉಂಟು. ಆದರೆ ನಾನು ಕೇಳಿದ್ದು ಕಿಟ್ ಅಲ್ವಾ? ಇದರಲ್ಲಿ ನನಗೆ ಮಾಡ್ಲಿಕ್ಕೆ ಎಂಥದ್ದೂ ಇಲ್ಲ."

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಸಿಟ್ಟು ಬಂದಿತ್ತು. ಅಷ್ಟು ಸಂಜೆಗಳು, ಕತ್ತರಿಸಿ ಹಾಳು ಮಾಡಿದ ಎರಡು ಕಿಟ್‌ಗಳು. ಕಾಕಾ ಹೇಳಿದ್ದೇನೆಂದು ಡಾಕ್ಟರು ಎರಡು ಸಲ ಕೇಳಿದ ಮೇಲೆ ಮಲಯಾಳದಲ್ಲಿ ತಿಳಿಸಿದೆ. ಅವರು ನಕ್ಕುಬಿಟ್ಟರು. ಯಾರಾದರೂ ನಿಮಗೆ ಆ ಬೆಳಗಾವಿಯ ವಿಮಾನವನ್ನು ಜೋಡಿಸಿ, ಬಣ್ಣ ಬಳಿದು ತಂದುಕೊಟ್ಟರೆ ನಿಮಗೆ ಹೇಗನಿಸುತ್ತದೆ ಎಂದು ಕೇಳಿದರು. ನಿಜ ಹೇಳುವುದಾದರೆ, ಒಂದು ದಿನ ನೋಡಿ ಕಪಾಟಿನ ಮೇಲಿಟ್ಟು ಮರೆಯುತ್ತಿದ್ದೆ ಎನ್ನಬೇಕಾಗಿತ್ತು. ಹೊಸ ಪೆಟ್ಟಿಗೆಯ ಮುಚ್ಚಳ ತೆಗೆಯುವಾಗ ಬರುವ ವಾಸನೆ, ಚೌಕಟ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುವುದು, ನಾಳೆ ಶುರು ಮಾಡೋಣ ಎಂದು ಮತ್ತೆ ಮುಚ್ಚಿಡುವುದು, ಇದಕ್ಕಾಗಿಯೇ ನಾವು ವರ್ಷವಿಡೀ ಕಾಯುತ್ತೇವೆ. ಅಷ್ಟು ವರ್ಷ ಕಿಟ್ ಜೋಡಿಸಿದ ಮೂವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಮುಂದಿನ ವಾರ ಮತ್ತೆ ಹೋಗಿ, ಹೊಗೆಕೊಳವೆ ತಪ್ಪಾಗಿದೆ, ಸರಿಮಾಡಿ ಕೊಡುತ್ತೇವೆ ಎಂದು ಸುಳ್ಳು ಹೇಳಿ ಹಡಗನ್ನು ವಾಪಸು ತಂದೆವು. ಕಿಟ್ ಮಾಡಲೆಂದು ಅದನ್ನು ಬಿಡಿಸಿದವಳು ನಾನೇ. ಅಂಟಿಸುವುದಕ್ಕಿಂತ ಬಿಡಿಸುವುದು ಕಷ್ಟವಾಯಿತು, ಕೆಲವು ಭಾಗಗಳು ಮುರಿದವು, ಅವನ್ನು ಮತ್ತೆ ಮಾಡಿದೆ. ಹಲ್ಲಿನ ಅಳತೆ ತೆಗೆಯುವ ಸಿಲಿಕೋನ್ ಬಳಸಿ ಡಾಕ್ಟರು ಪ್ರತಿ ಭಾಗಕ್ಕೂ ಅಚ್ಚು ಮಾಡಿ ರಾಳ ಹೊಯ್ದರು. ಮೊದಲ ಒಡಲು ಸೊಟ್ಟಗಾಯಿತು, ಎರಡನೆಯದರಲ್ಲಿ ಗುಳ್ಳೆ ಬಂತು. ಕೊನೆಗೆ ಬಂದದ್ದು ಪರವಾಗಿರಲಿಲ್ಲ. ಸಣ್ಣ ಭಾಗಗಳನ್ನು ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟಿಗೆ ಅಂಟಿಸಿ, ಒಂದೊಂದಕ್ಕೂ ಅಂಕಿ ಹಾಕಿದೆವು. ಜೋಡಿಸುವ ಕ್ರಮವನ್ನು ನಾನು ಬರೀ ಚಿತ್ರಗಳಲ್ಲಿ ಬರೆದೆ. ಮುಚ್ಚಳದ ಚಿತ್ರ ಏಲೂರಿನವರದು. ಹಡಗು ದೊಡ್ಡದಾಗಿ ಅಲೆ ಸೀಳಿಕೊಂಡು ಬರುತ್ತಿದೆ, ಹಿಂದೆ ದೂರದಲ್ಲಿ ಚಿಕ್ಕದಾಗಿ ಒಂದು ಯುದ್ಧನೌಕೆ ದಾರಿ ಬಿಡಲಿ ಎಂದು ಕಾಯುತ್ತಿದೆ. ಕಂಪನಿಗಳು ಹಾಕುವ ಹಾಗೆ ಮೂಲೆಯಲ್ಲಿ "ಹೊಸ ಅಚ್ಚು" ಎಂದೂ ಬರೆದಿದ್ದರು. ಪೆಟ್ಟಿಗೆಗೆ ತೆಳು ಪ್ಲಾಸ್ಟಿಕ್ ಸುತ್ತಿ ಡಾಕ್ಟರ ಹೇರ್ ಡ್ರೈಯರಿನಿಂದ ಬಿಗಿ ಮಾಡಿದೆವು.

ಆ ಡಿಸೆಂಬರಿಗೆ ಕಾಕಾ ಕೋಲೂರಿಕೊಂಡು ಬಂದರು. ಅವರ ಸರದಿ ಬಂದಾಗ ಡಾಕ್ಟರು ಒಳಗಿನಿಂದ ಪೆಟ್ಟಿಗೆ ತಂದು ಅವರ ತೊಡೆಯ ಮೇಲಿಟ್ಟರು. ಕಾಕಾ ಮುಚ್ಚಳದ ಚಿತ್ರವನ್ನು ನೋಡಿದರು, ಬದಿಯಲ್ಲಿ ಬರೆದದ್ದನ್ನು ಓದಿದರು, ಉಗುರಿನಿಂದ ಪ್ಲಾಸ್ಟಿಕ್ ಸೀಳಿದರು. ಒಂದೊಂದೇ ಚೌಕಟ್ಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಎಲ್ಲ ನೋಡಿಯಾದ ಮೇಲೆ ಇದ್ದ ಹಾಗೇ ಜೋಡಿಸಿಟ್ಟು ಮುಚ್ಚಳ ಹಾಕಿದರು. ಚಹಾ ಬಂದರೂ ಪೆಟ್ಟಿಗೆಯನ್ನು ಕೆಳಗಿಡಲಿಲ್ಲ. ಏಲೂರಿನವರು ಬಾಲ್ಕನಿಗೆ ಹೋಗಿ ರಸ್ತೆ ನೋಡುತ್ತ ನಿಂತರು.

ಕೆಲವು ವಾರ ಸುದ್ದಿಯೇ ಇರಲಿಲ್ಲ. ಆಮೇಲೆ ಒಂದು ಸಂಜೆ ನಾನು ಆಫೀಸಿನ ಬಸ್ಸಿನಲ್ಲಿದ್ದಾಗ ಫೋನ್ ಬಂತು.

"ಈ ಹದಿನೇಳನೇ ಭಾಗ ಕೂತ್ಕೊಳ್ಳುವುದೇ ಇಲ್ಲವಲ್ಲ. ಯಾರು ಮಾಡಿದ್ದು ಇದನ್ನು?"

"ಸ್ವಲ್ಪ ಉಜ್ಜರಿ ಕಾಕಾ, ಕೂಡತೈತಿ" ಎಂದೆ.

"ಒಳ್ಳೆ ಕಂಪನಿಯದ್ದಾದ್ರೆ ಉಜ್ಜುವ ಕೆಲಸ ಇರುವುದಿಲ್ಲ."

ಅಂಥ ಫೋನು ಆಮೇಲೆ ಎಷ್ಟೋ ಬಂದವು. ಚಿತ್ರದಲ್ಲಿ ಬಾಣದ ಗುರುತು ಯಾವ ಕಡೆಗೆಂದು ತಿಳಿಯುವುದಿಲ್ಲ, ಏಣಿ ತೀರಾ ದಪ್ಪ, ಎಡ ಬಲ ಅದಲು ಬದಲಾಗಿದೆ. ನಾವು ಬೇರೆ ಕಂಪನಿಗಳನ್ನು ಬೈಯುವಾಗ ಆಡುವ ಮಾತುಗಳೇ ಎಲ್ಲ. ಒಂದೆರಡು ಸಲ ನನಗೆ ನಿಜವಾಗಿಯೂ ರೇಗಿತು. ಗಂಡನಿಗೆ ಹೇಳಿದರೆ, "ಗಿರಾಕಿ ಅಂದಮ್ಯಾಲ ಬೈಸ್ಕೋಬೇಕು" ಎಂದರು.

ಬೇಸಿಗೆ ಮುಗಿಯುವ ಹೊತ್ತಿಗೆ ಅವರ ಮನೆಗೆ ಹೋದಾಗ ಹಡಗು ಟೀವಿಯ ಪಕ್ಕದಲ್ಲಿತ್ತು. ಹೊಗೆಕೊಳವೆ ಒಂದು ಬದಿಗೆ ವಾಲಿತ್ತು. ಡೆಕ್ಕಿನ ಮೇಲೆ ಅಂಟು ಮೆತ್ತಿದ ಹೆಬ್ಬೆರಳಿನ ಗುರುತು. ನಾನು ಮಾಡಿದ್ದು ಇದಕ್ಕಿಂತ ಎಷ್ಟೋ ಅಚ್ಚುಕಟ್ಟಾಗಿತ್ತು. ಬಗ್ಗಿ ನೋಡುವಾಗ ಅಡುಗೆಕೋಣೆಯ ಬಾಗಿಲು ಕಣ್ಣಿಗೆ ಬಿತ್ತು. ನಮ್ಮ ಕಿಟ್‌ನಲ್ಲಿ ಆ ಬಾಗಿಲು ಗೋಡೆಯ ಜೊತೆಗೇ ಅಚ್ಚಾಗಿತ್ತು, ಮುಚ್ಚಿದ ಬಾಗಿಲು. ಅವರು ಅದನ್ನು ಬ್ಲೇಡಿನಿಂದ ಕೊಯ್ದು ತೆಗೆದು, ಅರ್ಧ ತೆರೆದ ಹಾಗೆ ಅಂಟಿಸಿದ್ದರು. ಒಳಗೆ ಒಂದು ಕಪ್ಪು ಚುಕ್ಕೆಯಷ್ಟು ಒಲೆ ಕೂಡ ಇತ್ತು, ನಾವು ಕೊಡದೆ ಇದ್ದದ್ದು.

ಯಾಕೆ ತೆರೆದಿರಿ ಎಂದು ಕೇಳಿದೆ.

"ಮುಚ್ಚಿದರೆ ಒಳಗೆ ನಿಲ್ಲಲಿಕ್ಕಾಗ್ತದಾ?" ಎಂದರು. "ಅಷ್ಟು ಸೆಕೆ ಅಲ್ಲಿ. ನಾನು ಇದ್ದಷ್ಟು ಕಾಲ ಆ ಬಾಗಿಲು ಮುಚ್ಚಿದ್ದೇ ಇಲ್ಲ."

ಆಮೇಲೆ ಅವರು ಆ ಹಡಗಿನ ಜೊತೆ ಹೋಗುತ್ತಿದ್ದ, ದೊಡ್ಡ ಹಡಗುಗಳನ್ನು ಎಳೆಯುವ ಟಗ್ ಬೋಟಿನ ಬಗ್ಗೆ ಹೇಳತೊಡಗಿದರು. ನಾನು ಚೀಲದಿಂದ ಪೆನ್ನು ತೆಗೆದೆ.