ಬಣ್ಣ ಬಳಿದ ಬೇವು

ನನಗೊಂದು ಕೆಟ್ಟ ಚಟವಿದೆ. ಹೊತ್ತು ಹೋಗದಿದ್ದರೆ ಪಾರಿಭಾಷಿಕ ಪದಕೋಶ ಓದುತ್ತೇನೆ. ಮನೆಯವರು ಇದನ್ನು ರೋಗವೆಂದೇ ತಿಳಿದು ಸುಮ್ಮನಿದ್ದಾರೆ. ಒಂದೇ ಪದ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವೇಷ ಹಾಕುವುದನ್ನು ಕಂಡು ನಗುತ್ತಿದ್ದೆ. ಈ ಬೇಸಿಗೆಯಿಂದ ನಗು ಬರುತ್ತಿಲ್ಲ.

ಆ ಪದ 'ಮಾರ್ಕಿಂಗ್'. ರಸ್ತೆ ಮಾಡುವ ಎಂಜಿನಿಯರಿಗೆ ಅದು ಎಲ್ಲೆ ತೋರಿಸುವ ಗುರುತು. ಯಂತ್ರ ಅದರಾಚೆ ಕಾಲಿಡಬಾರದು. ಅರಣ್ಯದ ಕೆಲಸದವರಿಗೆ ಅದು ಕಡಿಯಬೇಕಾದ ಮರವನ್ನು ಆರಿಸಿ ಹಾಕುವ ಗುರುತು.

ಬಬಲೇಶ್ವರದ ಕಡೆಯ ರಸ್ತೆ ಅಗಲ ಮಾಡುವ ಕೆಲಸ ನನ್ನ ಅಕ್ಕನ ಮಗ ಮಹೇಶನ ಪಾಲಿಗೆ ಬಂತು. ಅವನು ಎಂಜಿನಿಯರನಾದರೂ ಮೆತ್ತನೆಯ ಮನಸ್ಸಿನವನು. ಸಾರವಾಡದ ಹತ್ತಿರ ರಸ್ತೆಯಂಚಿನ ಬೇವಿನ ಮರಗಳನ್ನಾದರೂ ಉಳಿಸಬೇಕೆಂದು ಅವಕ್ಕೆ ಕೆಂಪು ಪಟ್ಟೆ ಬಳಿಸಿದ. ಅಲ್ಲೇ ಕುರಿ ಮೇಯಿಸುವ ಗೌರವ್ವ ಕೇಳಿದಳು: "ಗಿಡಕ್ಯಾಕ್ರಿ ಸಾಹೇಬ್ರ ಬಣ್ಣ?"

"ಇವಕ್ಕ ಯಾರೂ ಕೈ ಹಚ್ಚಬಾರದಂತ ಮಾರ್ಕಿಂಗ್ ಮಾಡೇವಿ, ಯವ್ವಾ."

ಗೌರವ್ವನಿಗೆ ಇದು ಹೊಸದೇನಲ್ಲ. ಅವಳ ಕುರಿಗಳ ಬೆನ್ನಿಗೂ ಬಣ್ಣವಿದೆ. ಬಣ್ಣವಿದ್ದದ್ದು ನಮ್ಮದು, ಬೇರೆಯವರು ಮುಟ್ಟಬಾರದು. ಆದರೆ ಮಧ್ಯಾಹ್ನ ಅವಳ ಕುರಿಗಳು ನಿಲ್ಲುವ ಬೇವು ರಸ್ತೆಯಿಂದ ದೂರವಿತ್ತು, ಅದಕ್ಕೆ ಯಾರೂ ಪಟ್ಟೆ ಬಳಿದಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಕುರಿಗೆ ಹಚ್ಚುವ ಬಣ್ಣವನ್ನೇ ತಂದು ಕೈಯಾರೆ ಬಳಿದಳು.

ಮರ ಕಡಿಯುವ ಗುತ್ತಿಗೆ ಹಿಡಿದವರು ಕಾಡಿನ ಕೆಲಸದಲ್ಲಿ ಪಳಗಿದವರು. ಮಹೇಶ ವಿಜಯಪುರಕ್ಕೆ ಮೀಟಿಂಗಿಗೆ ಹೋದ ದಿನ ಬಂದು, ಗೌರವ್ವನ ಬೇವೂ ಸೇರಿ ಬಣ್ಣವಿದ್ದ ಮರಗಳನ್ನೆಲ್ಲ ಉರುಳಿಸಿದರು. ಬಣ್ಣವಿಲ್ಲದವು ಬದುಕಿದವು ಎಂದುಕೊಳ್ಳಬೇಡಿ. ಅವು ಹೊಸ ರಸ್ತೆಗೆ ಅಡ್ಡ ಬರುತ್ತಿದ್ದವು, ಮರುವಾರ ಯಂತ್ರ ಅವನ್ನೂ ಕಿತ್ತಿತು.

"ಮಾರ್ಕಿಂಗ್ ಆಗೇತಿ ಅಂತ ಹೇಳಿದ್ನಿ ಮಾಮಾ, ಅವರೂ ಹೂಂ ಅಂದಿದ್ರು," ಎಂದು ಮಹೇಶ ತಲೆ ಹಿಡಿದುಕೊಂಡ. ಯಾರನ್ನು ಬೈಯುವುದು? ಎಲ್ಲರೂ ತಮ್ಮ ತಮ್ಮ ಲೆಕ್ಕಕ್ಕೆ ಸರಿಯಾಗಿಯೇ ನಡೆದಿದ್ದರು. ತಪ್ಪು ಮಾಡಿದವರಿಲ್ಲದ ಹಾಳಿಗಿಂತ ದೊಡ್ಡ ಸಂಕಟವಿಲ್ಲ. ಸಸಿ ನೆಡಬಹುದು, ನಿಜ. ಅದರ ನೆರಳು ನನ್ನ ಕಾಲಕ್ಕೂ ಇಲ್ಲ, ಗೌರವ್ವನ ಕಾಲಕ್ಕೂ ಇಲ್ಲ.

ನೋಡಲು ಹೋದೆ. ಕುರಿಗಳು ಸುಡುಬಿಸಿಲಿನಲ್ಲಿ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ನಿಂತಿದ್ದವು. ಗೌರವ್ವನ ಉಗುರಿನ ಸಂದಿಯ ಬಣ್ಣ ಇನ್ನೂ ಹೋಗಿರಲಿಲ್ಲ.

"ನೀವು ಕಲತವರದೀರಿ. ಕಡೀಬ್ಯಾಡ್ರಿ ಅನ್ನಾಕ ಯಾವ ಬಣ್ಣ ಹಚ್ಚಬೇಕಿತ್ರಿ?"

ಕೈಯಲ್ಲಿದ್ದ ಛತ್ರಿಯನ್ನು ಅವಳ ತಲೆಯ ಮೇಲೆ ಹಿಡಿದೆ. ಅವಳು ಅದನ್ನು ಮೆಲ್ಲಗೆ ಕುರಿಮರಿಯ ಮೇಲಕ್ಕೆ ಸರಿಸಿದಳು.