ಮುಸುರೆಯ ಬಕೆಟ್ಟು, ಮಜ್ಜಿಗೆಯ ಚೊಂಬು

"ಅಕ್ಕಾ, ಮುಸುರೆ ಹಾಕ್ರಿ, ಎಮ್ಮೆ ಕಾಯ್ತಾ ಐತೆ."

ಪಕ್ಕದ ಗುಡಿಸಲಿನ ಕೆಂಚಮ್ಮ ಎಂದಿನಂತೆ ಬಕೆಟ್ಟು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಾನು ಒಳಗೆ ಹೊಸ ಒಲೆಯ ನೀಲಿ ಉರಿ ನೋಡುತ್ತ ಮೈಮರೆತಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತು; ತಾಳ್ಯದ ನಮ್ಮ ಕೇರಿಗೆ ಅದೇ ಮೊದಲ ಗೋಬರ್ ಗ್ಯಾಸು. ಸಗಣಿಯ ಜೊತೆ ಗಂಜಿ, ತರಕಾರಿ ಸಿಪ್ಪೆ, ಉಳಿದ ಮುದ್ದೆ, ಹೀಗೆ ಕೆಂಚಮ್ಮನ ಎಮ್ಮೆಗೆ ಹೋಗುತ್ತಿದ್ದ ಮುಸುರೆಯೆಲ್ಲವನ್ನೂ ಮಾವನವರು ಬೆಳಿಗ್ಗೆಯೇ ಗ್ಯಾಸಿನ ಗುಂಡಿಗೆ ಹಾಕಿಸಿಬಿಟ್ಟಿದ್ದರು.

ಮುಸುರೆ ಒಯ್ದವರು ಬರಿಗೈಲಿ ಬರಬಾರದೆಂಬುದು ನಮ್ಮೂರ ರೂಢಿ. ನಾನು ಹಿತ್ತಲ ಕಟ್ಟೆಯ ಮೇಲೆ ಚೊಂಬು ಇಟ್ಟಿರುತ್ತಿದ್ದೆ, ಕೆಂಚಮ್ಮ ಸಂಜೆ ಅದರ ತುಂಬ ಮಜ್ಜಿಗೆ ಸುರಿದು ಹೋಗುತ್ತಿದ್ದಳು.

ಅಂದು ನಾನು ಬಾಗಿಲಿಗೆ ಬರುವಷ್ಟರಲ್ಲಿ ಮಾವನವರೇ ಬಂದು, ಇನ್ನು ಮುಸುರೆ ಗ್ಯಾಸಿಗೆ ಬೇಕೆಂದು ತಿಳಿಸಿ ಹೇಳಿದರು. ಅವರ ಮಾತಿನಲ್ಲಿ ಗಡಸಿರಲಿಲ್ಲ. ಬದಲಿಗೆ ಗುಂಡಿಯಿಂದ ಬರುವ ಗೊಬ್ಬರವನ್ನು ಬೇಕಾದಷ್ಟು ಒಯ್ಯಿ, ಚಿನ್ನದಂಥ ಗೊಬ್ಬರ ಎಂದರು.

"ಗೊಬ್ಬರ ತಗಂಡು ಎಲ್ಲಿಗೆ ಹಾಕ್ಲಿ ಗೌಡ್ರೆ? ನನಗಿರೋದು ಎಮ್ಮೆ, ಹೊಲ ಅಲ್ಲ."

ಅಷ್ಟೇ ಅಂದು, ಖಾಲಿ ಬಕೆಟ್ಟನ್ನು ಸೊಂಟಕ್ಕಿಟ್ಟುಕೊಂಡು ಹೊರಟುಹೋದಳು. ಆ ಬೇಸಿಗೆಯಲ್ಲಿ ಅವಳ ಎಮ್ಮೆ ಹೊಳಲ್ಕೆರೆ ಸಂತೆ ಸೇರಿತು.

ನಮ್ಮ ಅಡುಗೆಮನೆಯ ಹೊಗೆ ಹೋಯಿತು, ನನ್ನ ಕಣ್ಣುರಿಯೂ ಹೋಯಿತು, ಸುಳ್ಳು ಹೇಳಲಾರೆ. ಆದರೆ ಆಮೇಲೂ ಎಷ್ಟೋ ದಿನ ನನ್ನ ಕೈ ತಾನಾಗಿಯೇ ಕಟ್ಟೆಯ ಮೇಲೆ ಚೊಂಬು ಇಡುತ್ತಿತ್ತು. ಕತ್ತಲಾದ ಮೇಲೆ ಅದನ್ನು ನಾನೇ ಒಳಗೆ ತರುತ್ತಿದ್ದೆ, ಖಾಲಿ.