ಹಣೆಗೆ ತಲುಪದ ಕೈ

ವಿಭೂತಿ ಗಟ್ಟಿಯ ಮೇಲೆ ಒದ್ದೆ ಬೆರಳು ಉಜ್ಜಿದಾಗ ಒಂದು ತಣ್ಣನೆಯ ವಾಸನೆ ಏಳುತ್ತದಲ್ಲ, ಅದು ಬಂದರೆ ನಿಮಗೆ ಭಕ್ತಿ ಬರಬಹುದು. ನನಗೆ ಈಗೀಗ ಸಿಟ್ಟು ಬರುತ್ತದೆ. ಎರಡು ತಿಂಗಳಿಂದ ನನ್ನ ಬಲಭುಜ ಹಿಡಿದುಕೊಂಡಿದೆ. ಹಣೆಗೆಂದು ಎತ್ತಿದ ಕೈ ಎದೆಯ ತನಕ ಬಂದು ಅಲ್ಲೇ ಸತ್ಯಾಗ್ರಹ ಹೂಡುತ್ತದೆ. ಸುರಪುರದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನ ಕೈ ಇದು.

ಸಿಟ್ಟಿನ ಜೊತೆಗೇ ನಮ್ಮ ದೊಡ್ಡವ್ವ ನೆನಪಾಗುತ್ತಾಳೆ. ಹಿಂದೊಮ್ಮೆ ದೋರನಹಳ್ಳಿಯ ಮನೆಯ ಹಿತ್ತಲಲ್ಲಿ ಜಾರಿ ಬಿದ್ದು ಬಲ ಮೊಣಕೈ ಮುರಿದುಕೊಂಡಿದ್ದಳು. ಶಹಾಪುರದಲ್ಲಿ ಪ್ಲಾಸ್ಟರ್ ಹಾಕಿಸಿ ನಮ್ಮ ಮನೆಗೆ ಕರೆತಂದೆ. ಮುಂದೆ ಅದನ್ನು ಬಿಚ್ಚಿದ ಡಾಕ್ಟರು, "ದಿನಾ ಕೈ ಮಡಚೋದು, ಚಾಚೋದು ಮಾಡಿಸ್ರಿ" ಅಂದರು. ಮನೆ ಮುಟ್ಟಿದಳೋ ಇಲ್ಲವೋ, ದೊಡ್ಡವ್ವನ ಹುಕುಂ: "ಎಲುಬು ಈಗ ಕೂಡ್ಯಾದ. ಅಮಾಸಿ ಮುಗಿಯೂತನಕ ಅಲುಗಾಡಿಸಬಾರದು." ಹಳೆಯ ಧೋತರ ಹರಿದು, ಕೊರಳಿಂದ ಕೈಗೆ ಜೋಳಿಗೆ ಕಟ್ಟಿಕೊಟ್ಟವನು ಯಾರು ಅಂತೀರಿ? ಇದೇ ವಿಜ್ಞಾನದ ಮಾಸ್ತರ. ಒಂದು ಅಮಾವಾಸ್ಯೆ ಹೋಗಿ ಇನ್ನೊಂದು ಬಂತು. ಜೋಳಿಗೆ ಬಿಚ್ಚಿದಾಗ ಮೊಣಕೈ ತುಕ್ಕು ಹಿಡಿದ ಬಾಗಿಲಿನಂತೆ ಅರ್ಧಕ್ಕೇ ನಿಂತಿತ್ತು.

ಎಡಗೈಯಲ್ಲಿ ಲಿಂಗ ಹಿಡಿದು, ಬಲಗೈಯಿಂದ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಳ್ಳದೆ ಅನ್ನ ಮುಟ್ಟದವಳು ಅವಳು. ಪ್ಲಾಸ್ಟರು, ಜೋಳಿಗೆ ಇರುವ ತನಕ ವಿಧಿಯಿಲ್ಲದೆ ನಮ್ಮಿಂದ ಹಚ್ಚಿಸಿಕೊಂಡಿದ್ದಳು. ಕೈ ಬಿಚ್ಚಿದ ಮೇಲೂ ನಾವು ಹಚ್ಚಲು ಹೋದರೆ ಮುಖ ತಿರುಗಿಸಿದಳು. ಎರಡು ದಿನ ಉಪವಾಸ ಕೂತಳು. ನನಗೆ ಜೀವ ಹೋದಂತಾಯಿತು. ಮೂರನೆಯ ದಿನ ಹಣೆ ತುಂಬ ವಿಭೂತಿ ಹಚ್ಚಿಕೊಂಡು ನಗುತ್ತಾ ಊಟಕ್ಕೆ ಬಂದಳು. ಹಿಗ್ಗಿಬಿಟ್ಟೆ. ಮರುದಿನ ಇಣುಕಿ ನೋಡಿದರೆ ಕೈ ಇದ್ದಲ್ಲೇ ಇದೆ, ತಲೆಯನ್ನು ಬಗ್ಗಿಸಿ ಹಣೆಯನ್ನೇ ಬೆರಳಿಗೆ ಉಜ್ಜುತ್ತಿದ್ದಾಳೆ!

"ದೊಡ್ಡವ್ವ, ತಲಿ ಬಗ್ಗಸಬ್ಯಾಡ, ಕೈ ಎತ್ತು!"

"ಲಿಂಗದ ಮುಂದ ತಲಿ ಬಗ್ಗಸಬ್ಯಾಡ ಅಂತೀಯಲ್ಲೋ, ನೀ ಎಂಥಾ ಮಾಸ್ತರ?"

ಪಾಠ ಶುರು ಮಾಡಿದೆ. ಎಲುಬು ತಾನಾಗಿ ಅಲುಗುವುದಿಲ್ಲ, ಸ್ನಾಯು ಎಳೆಯಬೇಕು. ಬಾವಿಯ ಹಗ್ಗದಂತೆ ಅದಕ್ಕೆ ಎಳೆಯುವುದಷ್ಟೇ ಗೊತ್ತು, ತಳ್ಳಲು ಬರುವುದಿಲ್ಲ. ಅದಕ್ಕೇ ತೋಳಿನ ಮುಂದೊಂದು, ಹಿಂದೊಂದು. ಮುಂದಿನದು ಎಳೆಯುವಾಗ ಹಿಂದಿನದು ಸಡಿಲು ಬಿಟ್ಟರೆ ಮೊಣಕೈ ಮಡಚುತ್ತದೆ. ಕೆಲಸವಿಲ್ಲದೆ ಕೂಡಿಸಿದರೆ ಕೀಲೂ ಸ್ನಾಯುವೂ ಬಿಗಿದುಕೊಳ್ಳುತ್ತವೆ. ದೊಡ್ಡವ್ವ ಕಣ್ಣು ಮುಚ್ಚಿ ಎಲ್ಲ ಕೇಳಿದಳು.

"ಹಂಗಾದ್ರ ಹಿಂದಿಂದಕ್ಕ ಸಡ್ಲ ಬಿಡು ಅಂತ ನೀನೇ ಹೇಳು. ನನ್ನ ಮಾತು ಕೇಳವಲ್ದು ಅದು."

ಇಂಥವಳಿಗೆ ಏನು ಹೇಳುತ್ತೀರಿ? ಮರುದಿನದಿಂದ ಶಾಲೆಗೆ ಹೋಗುವ ಮೊದಲು ಅವಳ ತಲೆಯನ್ನು ಗೋಡೆಗೆ ಆನಿಸಿ, ಬಗ್ಗದಂತೆ ಹಣೆಗೆ ಅಂಗೈ ಒತ್ತಿ ಕೂತುಬಿಟ್ಟೆ. ಮೊದಲ ವಾರ ವಿಭೂತಿಯೆಲ್ಲ ಸೆರಗಿನ ಪಾಲಾಯಿತು. ಆಮೇಲೆ ಗದ್ದಕ್ಕೆ ಬಂತು. ಮೂಗಿಗೆ ಬರುವ ಹೊತ್ತಿಗೆ ನೋವಿನಿಂದ ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ: "ನಿನ್ನ ಕೈನೂ ಹಿಂಗ ಹಿಡ್ಕೋಬೇಕು, ಆಗ ತಿಳೀತದ ನಿನಗ!" ನಾನೂ ಸರಿಯಾಗಿ ರೇಗಿದೆ. ಕೈ ಮಾತ್ರ ತೆಗೆಯಲಿಲ್ಲ.

ಒಂದು ಬೆಳಿಗ್ಗೆ, ಹಣೆಗೆ ಒತ್ತಿದ್ದ ನನ್ನ ಕೈ ಮೇಲೆ ಅವಳ ಮೂರು ಒದ್ದೆ ಬೆರಳು ಬಿದ್ದವು.

"ಕೈ ತಗಿ," ಅಂದಳು. "ಹಣಿ ನಂದು."

ದೊಡ್ಡವ್ವ ಈಗಿಲ್ಲ. ಅವಳ ಬೈಗುಳ ನಿಜವಾಗಿ ಕೂತಿದೆ. ನನ್ನ ಭುಜಕ್ಕೆ ಡಾಕ್ಟರು ಹೇಳಿದ ವ್ಯಾಯಾಮವನ್ನು ನೋವೆಂದು ದಿನವೂ ತಪ್ಪಿಸುತ್ತಿದ್ದೆ. ಇವತ್ತು ನೋಡಿಕೊಂಡರೆ ನಾನೂ ತಲೆ ಬಗ್ಗಿಸಿ ಹಣೆಯನ್ನು ಬೆರಳಿಗೆ ಉಜ್ಜುತ್ತಿದ್ದೇನೆ! ನಾಚಿಕೆಯಾಯಿತು. ಹೆಂಡತಿಯನ್ನು ಕರೆದು, ಗೋಡೆಗೆ ತಲೆ ಆನಿಸಿ ಕೂತೆ.

"ಹಣಿ ಹಿಡಿ," ಅಂದೆ. "ನಾ ಎಷ್ಟು ಬೈದ್ರೂ ಬಿಡಬ್ಯಾಡ."